ಮಾರಿ ಕಳೆದ ಮೇಲೆ ಊರು ಕಟ್ಟುವವರು

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಓದಿದವರನ್ನು ನಿಲ್ಲಿಸಿ, ಸಂಸ್ಕಾರ ಯಾರು ಮಾಡಬೇಕೆಂದು ತೀರ್ಮಾನವಾಗದೆ ಅಗ್ರಹಾರದಲ್ಲಿ ಬಿದ್ದಿದ್ದ ನಾರಣಪ್ಪನ ಹೆಣಕ್ಕೆ ಕಡೆಗೂ ಬೆಂಕಿ ಕೊಟ್ಟವರು ಯಾರು ಎಂದು ಕೇಳಿ ನೋಡಿ. ಪ್ರಾಣೇಶಾಚಾರ್ಯರ ತಳಮಳ, ಚಂದ್ರಿ ಬಿಚ್ಚಿಟ್ಟ ಚಿನ್ನ, ಅಗ್ರಹಾರದ ಮಾಡುಗಳ ಮೇಲೆ ಬಂದು ಕೂತ ಹದ್ದುಗಳು ಎಲ್ಲರಿಗೂ ನೆನಪಿರುತ್ತವೆ. ಬೆಂಕಿ ಕೊಟ್ಟವನ ಹೆಸರು ಬಹಳ ಮಂದಿಗೆ ತಟ್ಟನೆ ಹೊಳೆಯುವುದಿಲ್ಲ. ಅವನು ಅಹಮದ್ ಬ್ಯಾರಿ, ಮೀನಿನ ವ್ಯಾಪಾರಿ. ಚಂದ್ರಿ ಮೊದಲು ಗಾಡಿಯವನೊಬ್ಬನ ಬಳಿ ಹೋಗಿ ಆಗುವುದಿಲ್ಲ ಅನ್ನಿಸಿಕೊಂಡು, ಆಮೇಲೆ ಬ್ಯಾರಿಯಲ್ಲಿಗೆ ಬರುತ್ತಾಳೆ. ಎತ್ತು ಕೊಳ್ಳಲು ನಾರಣಪ್ಪ ಹಿಂದೊಮ್ಮೆ ಸಾಲ ಕೊಟ್ಟಿದ್ದ ಉಪಕಾರವನ್ನು ಅವನು ಮರೆತಿಲ್ಲ. ಗಾಡಿ ಕಟ್ಟಿ, ಸೌದೆ ಹೇರಿಕೊಂಡು ಬರುತ್ತಾನೆ. ಇರುಳಿನಲ್ಲಿ ಹೆಣ ಸುಡುತ್ತದೆ. ಚಂದ್ರಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ತನ್ನ ದೊಡ್ಡ ಸಮಸ್ಯೆಯನ್ನು ಬಿಡಿಸಿ ಹೋದವನು ಯಾರೆಂಬುದು ಅಗ್ರಹಾರಕ್ಕೆ ಗೊತ್ತೇ ಆಗುವುದಿಲ್ಲ.

1965ರಲ್ಲಿ ಬಂದ ಈ ಕಾದಂಬರಿಯನ್ನು ನಾವು ಧರ್ಮಸಂಕಟದ ಕಥೆಯೆಂದು ಓದಿದ್ದೇವೆ, ಪಾಠ ಮಾಡಿದ್ದೇವೆ, ಜಗಳವಾಡಿದ್ದೇವೆ. ಅದನ್ನು ಪ್ಲೇಗಿನ ಕಥೆಯಾಗಿಯೂ ಓದಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಶಿವಮೊಗ್ಗದಿಂದ ಜ್ವರ ಹೊತ್ತು ಬಂದು ಸತ್ತವನೊಬ್ಬ. ಗಿರಗಿರನೆ ಸುತ್ತಿ ಬಿದ್ದು ಸಾಯುವ ಇಲಿಗಳು. ಮನೆಗೆ ಬೀಗ ಹಾಕಿ ಊರು ಬಿಡುವ ಜನ. ಮಹಾಮಾರಿಯಿಂದ ಊರೊಂದು ಬಿದ್ದುಹೋದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಮೊದಲ ಕೆಲಸ ಯಾವುದು, ಆ ಕೆಲಸಕ್ಕೆ ಕೈ ಹಾಕುವವರು ಯಾರು ಎಂಬ ಪ್ರಶ್ನೆಗೆ ಕನ್ನಡ ಕೊಟ್ಟ ಉತ್ತರ ಅದರಲ್ಲಿದೆ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲೂ (1970) ಅದೇ ಉತ್ತರ ಇನ್ನೊಂದು ಬಗೆಯಲ್ಲಿ ಬರುತ್ತದೆ. ಪ್ಲೇಗು ನಂಜಮ್ಮನ ಬೆಳೆದ ಮಕ್ಕಳನ್ನು ಒಯ್ಯುತ್ತದೆ, ಕಡೆಗೆ ಅವಳನ್ನೂ ಒಯ್ಯುತ್ತದೆ. ಶಾನುಭೋಗಿಕೆಯ ಲೆಕ್ಕ ಬರೆದು ಬರೆದು ಸಂಸಾರ ನಿಲ್ಲಿಸಿದವಳು ಹೋದ ಮೇಲೆ ಉಳಿದ ಪುಟ್ಟ ಹುಡುಗ ವಿಶ್ವನನ್ನು ಕೈಹಿಡಿದು ಕರೆದೊಯ್ಯುವವರು ಮಹಾದೇವಯ್ಯನವರು. ರಕ್ತಸಂಬಂಧವಿಲ್ಲದ, ಬೇರೆ ಜಾತಿಯ, ಭಿಕ್ಷೆ ಎತ್ತಿ ಬದುಕುವ ಜಂಗಮ. ನಮ್ಮ ಎರಡು ದೊಡ್ಡ ಕಾದಂಬರಿಗಳಲ್ಲಿ ಮಾರಿಯ ನಂತರದ ಮೊದಲ ಕೈ ಹೊರಗಿನವನದು.

ಮಂಗಳೂರಿನ ಫಳ್ನೀರ್ ರಸ್ತೆಯಲ್ಲಿ ನಡೆಯುವಾಗ ಈ ಮಾತು ನನ್ನನ್ನು ಬಿಡುವುದೇ ಇಲ್ಲ. ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯ ಕಡೆಯಿಂದ ಕಂಕನಾಡಿಯ ತನಕ ಹೋಗುವ ಈ ರಸ್ತೆಯ ಉದ್ದಕ್ಕೂ ಆಸ್ಪತ್ರೆ, ಕ್ಲಿನಿಕ್, ಲ್ಯಾಬು, ಮೆಡಿಕಲ್ ಶಾಪು. ಒಂದು ಮೆಡಿಕಲಿನ ಮುಂದೆ ಹತ್ತು ನಿಮಿಷ ನಿಂತರೆ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಐದೂ ಕಿವಿಗೆ ಬೀಳುತ್ತವೆ. ಚೀಟಿ ಕನ್ನಡಕದ ಹತ್ತಿರ ಹಿಡಿದು ಓದುವ ಅಜ್ಜನ ಪಕ್ಕದಲ್ಲಿ ಎಕ್ಸ್‌ರೇ ಲಕೋಟೆ ಕಂಕುಳಲ್ಲಿಟ್ಟ ಹುಡುಗ. ಬದಿಯಲ್ಲಿ ನಿಂತ ಕಾರುಗಳಲ್ಲಿ ಕೆಎ–19ರ ನಡುವೆ ಕೆಎಲ್–14. ಅದು ಕಾಸರಗೋಡಿನ ನಂಬರು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಜನರಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರೇ. 1956ರಲ್ಲಿ ಗೆರೆ ಎಳೆದವರು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರು. ಹೆರಿಗೆ ನೋವು, ಎದೆನೋವು ಮಾತ್ರ ಹಳೆಯ ದಾರಿಯಲ್ಲೇ ಬರುತ್ತ ಉಳಿದವು.

ಮಹಾಮಾರಿಯಿಂದ ಜಗತ್ತು ಬರಿದಾದ ಮೇಲಿನ ಕಥೆಗಳಿಗೆ ಇಂಗ್ಲಿಷಿನಲ್ಲಿ ಇನ್ನೂರು ವರ್ಷಗಳ ಪರಂಪರೆಯಿದೆ. ‘ಫ್ರಾಂಕನ್‌ಸ್ಟೈನ್’ ಬರೆದ ಮೇರಿ ಶೆಲ್ಲಿ 1826ರಲ್ಲಿ ‘ದ ಲಾಸ್ಟ್ ಮ್ಯಾನ್’ ಬರೆದಳು. ಇಪ್ಪತ್ತೊಂದನೆಯ ಶತಮಾನದ ಕೊನೆಗೆ ಪ್ಲೇಗಿನಿಂದ ಮನುಷ್ಯಕುಲವೆಲ್ಲ ಮುಗಿದು ಒಬ್ಬನೇ ಒಬ್ಬ ರೋಮಿನಲ್ಲಿ ಉಳಿಯುವ ಕಥೆ. ಅಲ್ಲಿ ಮರುಕಟ್ಟುವ ಮಾತೇ ಇಲ್ಲ. 1912ರಲ್ಲಿ ಜಾಕ್ ಲಂಡನ್ ಬರೆದ ‘ದ ಸ್ಕಾರ್ಲೆಟ್ ಪ್ಲೇಗ್’ನಲ್ಲಿ ರೋಗ ಬರುವುದು 2013ರಲ್ಲಿ. ಅರವತ್ತು ವರ್ಷಗಳ ನಂತರ, ಒಂದು ಕಾಲದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದ ಮುದುಕ ಚರ್ಮ ಹೊದ್ದ ಮೊಮ್ಮಕ್ಕಳಿಗೆ ಹಳೆಯ ಲೋಕದ ಕಥೆ ಹೇಳುತ್ತಾನೆ. ಮಕ್ಕಳಿಗೆ ಅರ್ಧ ಮಾತು ಅರ್ಥವಾಗುವುದಿಲ್ಲ. ಆತ ಗುಹೆಯಲ್ಲಿ ಪುಸ್ತಕಗಳನ್ನು ಬಚ್ಚಿಟ್ಟಿದ್ದಾನೆ, ಯಾರಾದರೊಬ್ಬರು ಮುಂದೆ ಓದಿಯಾರೆಂದು.

ಈ ಸಾಲಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಜಾರ್ಜ್ ಸ್ಟುವರ್ಟ್ 1949ರಲ್ಲಿ ಬರೆದ ‘ಅರ್ತ್ ಅಬೈಡ್ಸ್’. ಕ್ಯಾಲಿಫೋರ್ನಿಯದ ಬೆಟ್ಟದಲ್ಲಿ ಹಾವು ಕಚ್ಚಿ ಒಬ್ಬನೇ ಮಲಗಿದ್ದ ಇಶ್ ಎಂಬ ತರುಣ ಎದ್ದು ಊರಿಗೆ ಬರುವ ಹೊತ್ತಿಗೆ ಊರಿನಲ್ಲಿ ಜನವಿಲ್ಲ. ಆಮೇಲೆ ಎಮ್ ಎಂಬ ಹೆಣ್ಣು ಸಿಗುತ್ತಾಳೆ, ಇನ್ನಷ್ಟು ಮಂದಿ ಸೇರುತ್ತಾರೆ, ಮಕ್ಕಳಾಗುತ್ತವೆ. ಸತ್ತವರು ಬಿಟ್ಟುಹೋದ ಡಬ್ಬಿಯ ಆಹಾರ ತಿಂದು, ನಲ್ಲಿ ತಿರುಗಿಸಿ ನೀರು ಕುಡಿದು ಎರಡು ದಶಕ ಕಳೆಯುತ್ತಾರೆ. ಒಂದು ದಿನ ನಲ್ಲಿಯಲ್ಲಿ ನೀರು ನಿಲ್ಲುತ್ತದೆ. ನೀರು ಎಲ್ಲಿಂದ ಬರುತ್ತಿತ್ತೆಂದು ಅಷ್ಟು ವರ್ಷ ಯಾರೂ ಹೋಗಿ ನೋಡಿರಲಿಲ್ಲ! ಓದು ಹಿಡಿದಿದ್ದ ಒಬ್ಬನೇ ಮಗ ಟೈಫಾಯ್ಡಿನಲ್ಲಿ ಸಾಯುತ್ತಾನೆ. ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಮುಂದಿನವರಿಗೆಂದು ಕಾಯುತ್ತಿದ್ದ ಇಶ್, ಶಾಲೆ ಬಿಟ್ಟು ಮಕ್ಕಳಿಗೆ ಬಿಲ್ಲು ಬಾಣ ಮಾಡಲು ಕಲಿಸುತ್ತಾನೆ.

ಆದರೆ ಅದೇ ಕಾದಂಬರಿಯ ಇನ್ನೊಂದು ಘಟನೆಯನ್ನು ಗಮನಿಸಬೇಕು. ಹೊರಗಿನಿಂದ ಚಾರ್ಲಿ ಎಂಬವನು ಬರುತ್ತಾನೆ. ಒರಟ, ರೋಗಿ, ಹೆಣ್ಣಿನ ಮೇಲೆ ಕಣ್ಣಿಟ್ಟವನು. ಆ ಗುಂಪಿನ ಹಿರಿಯರು ಕೂತು ಮತ ಹಾಕಿ ಅವನಿಗೆ ಮರಣದಂಡನೆ ಕೊಡುತ್ತಾರೆ. ಆ ಹೊಸ ಸಮಾಜ ಒಂದು ಸರಕಾರದಂತೆ ನಡೆದುಕೊಂಡ ಮೊದಲ ಸಲ ಅದು, ಹೊರಗಿನವನನ್ನು ಕೊಲ್ಲಲು. ಚಾರ್ಲಿ ಒಳ್ಳೆಯವನೆಂದು ನಾನು ಹೇಳುತ್ತಿಲ್ಲ. ಸ್ಟುವರ್ಟ್ ಬಹಳ ಪ್ರಾಮಾಣಿಕ ಲೇಖಕ. ಹೆದರಿದ ಜನ ಹೇಗೆ ರಾಜ್ಯವಾಗುತ್ತಾರೆಂದು ತೋರಿಸಿದ. ಅಲ್ಲಿ ಹೊರಗಿನವನು ರೋಗ ತರುತ್ತಾನೆ, ನಮ್ಮಲ್ಲಿ ಗಾಡಿ ತರುತ್ತಾನೆ. ಈ ವ್ಯತ್ಯಾಸ ಸಣ್ಣದಲ್ಲ.

ಹಾಗಾದರೆ ಕಥೆಯನ್ನು ಫಳ್ನೀರಿಗೆ ತಂದು ನೋಡೋಣ. ವಿದ್ಯುತ್ತು ಹೋದ ದಿನವೇ ತುಂಬೆಯ ಪಂಪುಗಳು ನಿಲ್ಲುತ್ತವೆ. ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಲ್ಲಿ ನೀರಿದ್ದರೂ ಗುಡ್ಡದ ಮೇಲಿನ ಈ ಊರಿಗೆ ಹತ್ತುವುದಿಲ್ಲ. ಇಶ್‌ನ ಮಂದಿಗೆ ಸಿಕ್ಕ ಎರಡು ದಶಕದ ಬಿಡುವು ನಮಗಿಲ್ಲ, ಓವರ್‌ಹೆಡ್ ಟ್ಯಾಂಕು ಬರಿದಾಗುವಷ್ಟೇ ಹೊತ್ತು. ಆಮೇಲೆ ನೆನಪಾಗುವುದು ಬಾವಿ. ಹಂಚಿನ ಮಾಡಿನ ಹಳೆಯ ಮನೆಗಳ ಅಂಗಳದಲ್ಲಿ ಮುರಕಲ್ಲು ಕಡಿದು ತೋಡಿದ ಬಾವಿಗಳು ಇನ್ನೂ ಇವೆ. ಎಷ್ಟೋ ಬಾವಿಗಳ ಮೇಲೆ ಫ್ಲ್ಯಾಟು ಎದ್ದಿದೆ. ಇರುವ ಬಾವಿಗೆ ರಾಟೆ ಇಲ್ಲ, ಹಗ್ಗವಿಲ್ಲ, ಪಂಪಿನ ಪೈಪು ಇಳಿಬಿಟ್ಟಿದೆ. ಏಪ್ರಿಲ್‌ ಕಳೆಯುವಷ್ಟರಲ್ಲಿ ತಳ ಕಾಣುವ ಬಾವಿಗಿಳಿದು ಕೆಸರೆತ್ತಲು ಗೊತ್ತಿದ್ದವರು ಬೇಕು. ತೆಂಗಿನ ಮರ ಹತ್ತುವವರು ಬೇಕು. ಹಂಚು ತೆಗೆದು ಪಕಾಸು ಬದಲಿಸಿ ಮತ್ತೆ ಹೊದೆಸುವವರು ಬೇಕು, ಇಲ್ಲವಾದರೆ ಇಲ್ಲಿಯ ಮಳೆಗೆ ಮನೆ ಎರಡು ಆಟಿ ತಡೆಯುವುದಿಲ್ಲ. ಬತ್ತ ಬೇಯಿಸಿ ಒಣಗಿಸಿ ಕುಚ್ಚಲಕ್ಕಿ ಮಾಡುವುದನ್ನು ಬಲ್ಲ ಹೆಂಗಸರು ಬೇಕು. ಪಟ್ಟಿ ಮಾಡುತ್ತ ಹೋದಂತೆ ಒಂದು ಮಾತು ನಿಚ್ಚಳವಾಗುತ್ತದೆ. ಈ ಊರು ಯಾರನ್ನು ಅಂಗಳದಲ್ಲೇ ನಿಲ್ಲಿಸಿ ಕೂಲಿ ಕೊಟ್ಟು ಕಳಿಸಿತೋ ಅವರ ಕೈಯಲ್ಲೇ ಆಗ ಊರಿನ ಜೀವವಿರುತ್ತದೆ.

ಇದು ತುಳುನಾಡಿಗೆ ಹೊಸ ವಿಷಯವೇನಲ್ಲ. ಆಟಿ ತಿಂಗಳಿನಲ್ಲಿ, ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಕಣಜದ ತಳ ಕಾಣುವ ಹೊತ್ತಿನಲ್ಲಿ ಆಟಿ ಕಳೆಂಜ ಮನೆಮನೆಗೆ ಬರುತ್ತಾನೆ. ನಲಿಕೆಯವರು ಕಟ್ಟುವ ವೇಷ. ತಾಳೆಗರಿಯ ಛತ್ರಿ, ಹಿಂದೆ ತೆಂಬರೆಯ ಸದ್ದು, ಪಾಡ್ದನ. ಊರಿಗೆ ಬಂದ ಮಾರಿಯನ್ನು ಕಳೆಯುವುದು ಅವನ ಕೆಲಸ. ಮನೆಯವರು ಅಕ್ಕಿ, ತೆಂಗಿನಕಾಯಿ, ಅರಸಿನ, ಮಸಿ ಕೊಡುತ್ತಾರೆ. ರೋಗ ಕಳೆಯುವವನು ಕುಣಿಯುವುದು ಅಂಗಳದಲ್ಲಿ, ಚಾವಡಿಯಲ್ಲಲ್ಲ. ಮಾರಿಯನ್ನು ಹೊತ್ತುಕೊಂಡು ಹೋಗುವವನಿಗೆ ಒಳಗೆ ಬಾ ಅನ್ನುವುದನ್ನು ನಮ್ಮ ಹಿರಿಯರು ಕಲಿಯಲಿಲ್ಲ. ಇದನ್ನು ಸಂಸ್ಕೃತಿಯ ಸೊಗಸು ಎಂದು ಹೊಗಳಿ ಮುಂದೆ ಹೋಗುವುದು ನನ್ನಿಂದಾಗದು.

ಫಳ್ನೀರಿನಿಂದ ಏರಿ ಕಂಕನಾಡಿಗೆ ಬಂದರೆ ಫಾದರ್ ಮುಲ್ಲರ್ ಆಸ್ಪತ್ರೆ. ಜರ್ಮನಿಯ ವೆಸ್ಟ್‌ಫಾಲಿಯದಲ್ಲಿ ಹುಟ್ಟಿದ ಯೇಸುಸಭೆಯ ಪಾದ್ರಿ ಆಗಸ್ಟಸ್ ಮುಲ್ಲರ್ 1878ರ ಕೊನೆಗೆ ಮಂಗಳೂರಿಗೆ ಬಂದರು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತ, 1880ರಲ್ಲಿ ಆಲದ ಮರದ ಕೆಳಗೆ ಬಡವರಿಗೆ ಹೋಮಿಯೋಪತಿ ಗುಳಿಗೆ ಹಂಚಲು ಕೂತರು. 1890ರಲ್ಲಿ ಕುಷ್ಠರೋಗಿಗಳಿಗೊಂದು ಆಶ್ರಯ, 1895ರಲ್ಲಿ ಆಸ್ಪತ್ರೆ. ಮರುವರ್ಷ ಮುಂಬಯಿಯಲ್ಲಿ ಇಳಿದ ಪ್ಲೇಗು ರೈಲು, ಹಡಗು ಹತ್ತಿ ಊರೂರು ತಲುಪತೊಡಗಿತು. 1902ರಲ್ಲಿ ಕಂಕನಾಡಿಯಲ್ಲಿ ಪ್ಲೇಗಿನವರಿಗೆಂದೇ ಪ್ರತ್ಯೇಕ ಆಸ್ಪತ್ರೆ ಶುರುವಾಯಿತು.

ಆ ವರ್ಷವನ್ನು ಕೊಂಚ ಹತ್ತಿರದಿಂದ ನೋಡಬೇಕು. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಗುರುತಿಸಿ ಎಂಟೇ ವರ್ಷವಾಗಿತ್ತು. ಹಾಫ್‌ಕಿನ್ ಲಸಿಕೆ ಬಂದಿದ್ದರೂ ಗಡ್ಡೆ ಎದ್ದವನಿಗೆ ಕೊಡಲು ಔಷಧ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಅಂದರೆ 1902ರ ಆಸ್ಪತ್ರೆ ವಾಸಿ ಮಾಡುತ್ತೇನೆಂದು ಮಾತು ಕೊಡುವಂತಿರಲಿಲ್ಲ. ಅದು ಕೊಡಬಹುದಾಗಿದ್ದದ್ದು ಮಂಚ, ಗಂಜಿ, ಒದ್ದೆ ಬಟ್ಟೆ, ಪಕ್ಕದಲ್ಲೊಬ್ಬ ಮನುಷ್ಯ. ಸತ್ತರೆ ಮಣ್ಣು ಮಾಡಲು ನಾಲ್ಕು ಜನ. ಗುಳಿಗೆಯ ಗುಣದ ಬಗ್ಗೆ ವಾದ ಬೇರೆ; ಎಲ್ಲರೂ ದೂರ ಸರಿಯುವ ರೋಗಿಯ ಹತ್ತಿರ ಹೋಗುವುದು ಎಂಬ ಕೆಲಸಕ್ಕೆ ಒಂದು ಕಟ್ಟಡ, ಒಂದು ರೂಢಿ, ಒಂದು ವಿಳಾಸ ಸಿಕ್ಕಿತು ಎಂಬುದೇ ಮುಖ್ಯ. ಇಂದು ಅಲ್ಲಿ ಮೆಡಿಕಲ್ ಕಾಲೇಜಿದೆ. ಮಾರಿ ಮುಗಿದ ಮೇಲೆ ಊರು ಕಟ್ಟೋಣ ಎಂದು ಯಾರೂ ಕಾಯಲಿಲ್ಲ. ಮಾರಿಯ ನಡುವೆಯೇ ಕಟ್ಟಿದ್ದು ಉಳಿಯಿತು.

ಬೆಂಗಳೂರಿನದು ಬೇರೆ ಪಾಠ. 1898ರ ಆಗಸ್ಟಿನಲ್ಲಿ ಅಲ್ಲಿಗೆ ಪ್ಲೇಗು ಬಂದ ಮೇಲೆ ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅಗಲ ರಸ್ತೆ, ಗಾಳಿ, ಬೆಳಕು, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ. ಆದರೆ ನಿವೇಶನ ಹಂಚುವಾಗ ಜಾತಿ ಜಾತಿಗೆ ಬೇರೆ ಬೇರೆ ಭಾಗ. ಇಲಿ ಯಾರ ಮನೆಗೆಂದು ಕೇಳಿ ಬಂದಿರಲಿಲ್ಲ, ಹೊಸ ಊರು ಮಾತ್ರ ಕೇಳಿಯೇ ಜಾಗ ಕೊಟ್ಟಿತು.

ಇನ್ನು ನಮ್ಮ ಕಣ್ಣೆದುರಿನ ಕಾಲಕ್ಕೆ ಬರೋಣ. 2020ರ ಮಾರ್ಚಿನಲ್ಲಿ ಕರ್ನಾಟಕ ಕಾಸರಗೋಡಿನ ಗಡಿ ಮುಚ್ಚಿತು. ತಲಪಾಡಿಯಲ್ಲಿ ಹೆದ್ದಾರಿಗೆ ತಡೆ. ಒಳದಾರಿಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದರು. ಕಾಸರಗೋಡಿನಲ್ಲಿ ಸೋಂಕು ಏರುತ್ತಿತ್ತು, ಮಂಗಳೂರಿಗೆ ಹೆದರಿಕೆ ಇತ್ತು. ಆ ಹೆದರಿಕೆ ಸುಳ್ಳಲ್ಲ. ಆದರೆ ಆ ದಾರಿಯಲ್ಲಿ ಬರುತ್ತಿದ್ದವರು ಕೋವಿಡ್ ರೋಗಿಗಳಷ್ಟೇ ಅಲ್ಲ. ಹೃದಯದವರು, ಕಿಡ್ನಿಯವರು, ಪಾರ್ಶ್ವವಾಯುವಿನವರು, ದಿನ ತುಂಬಿದ ಬಸುರಿಯರು. ತಡೆದು ವಾಪಸು ಕಳಿಸಿದ ಆಂಬುಲೆನ್ಸಿನಲ್ಲೇ ಒಬ್ಬ ಹೆಣ್ಣುಮಗಳು ಹೆತ್ತಳು. ಮಂಗಳೂರು ತಲುಪಲಾಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸುವಂತೆ ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ರಾಜ್ಯಗಳು ಒಪ್ಪಿವೆಯೆಂದು ಏಪ್ರಿಲ್ 7ರಂದು ಅಲ್ಲಿ ತಿಳಿಸಲಾಯಿತು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ವಾರಕ್ಕೆ ಎರಡು ಮೂರು ಸಲ ಬರಬೇಕು. ಅವರ ಪಾಲಿಗೆ ಆ ದಿನಗಳು ಎಷ್ಟು ಉದ್ದವೆಂದು ಎಣಿಸಿ ನೋಡಿ.

ಅದೇ ಏಪ್ರಿಲ್ 23ರಂದು ವೆನ್‌ಲಾಕ್ ಆಸ್ಪತ್ರೆಯಲ್ಲಿ ಕೋವಿಡ್‌ನಿಂದ ತೀರಿಕೊಂಡ ಬಂಟ್ವಾಳ ಕಡೆಯ ಹಿರಿಯ ಹೆಂಗಸೊಬ್ಬರ ಶವಕ್ಕೆ ಮಂಗಳೂರಿನಲ್ಲಿ ಚಿತೆ ಸಿಗಲಿಲ್ಲ. ಪಚ್ಚನಾಡಿಯಲ್ಲಿ ಜನ ಸೇರಿ ವಿರೋಧಿಸಿದರು, ಮೂಡುಶೆಡ್ಡೆಯಲ್ಲೂ ಆಗಲಿಲ್ಲ. ಕಡೆಗೆ ಬಿ.ಸಿ. ರೋಡಿನ ಕೈಕುಂಜೆಯಲ್ಲಿ, ಅಲ್ಲೂ ವಿರೋಧದ ನಡುವೆ, ರಾತ್ರಿ ದಹನವಾಯಿತು. ‘ಸಂಸ್ಕಾರ’ದ ದೂರ್ವಾಸಪುರದ ಅಗ್ರಹಾರವನ್ನು ಕಥೆಯೆಂದುಕೊಂಡಿದ್ದವರಿಗೆ ಅದು ಐವತ್ತೈದು ವರ್ಷದ ಬಳಿಕ ನಮ್ಮದೇ ಊರಿನಲ್ಲಿ, ಮೊಬೈಲಿನ ಬೆಳಕಿನಲ್ಲಿ ಕಂಡಿತು. ಈ ಸಲ ಶಾಸ್ತ್ರದ ತೊಡಕಿರಲಿಲ್ಲ. ಬೂದಿಯಿಂದ ರೋಗ ಬರುತ್ತದೆಂಬ ಭಯವೇ ಶಾಸ್ತ್ರವಾಗಿತ್ತು. ಎದೆ ಕುದಿಯುವ ನೆನಪು ಅದು. ಆಮೇಲಿನ ತಿಂಗಳುಗಳಲ್ಲಿ ಕರಾವಳಿಯ ಬೇರೆ ಬೇರೆ ಸಂಘಟನೆಗಳ ಹುಡುಗರು ಪಿಪಿಇ ತೊಟ್ಟು, ಸತ್ತವರ ಮತ ಯಾವುದೆಂದು ಕೇಳದೆ, ಅವರವರ ಕ್ರಮದಂತೆ ಮಣ್ಣು ಮಾಡಿದ್ದನ್ನೂ ಚಿತೆಗೇರಿಸಿದ್ದನ್ನೂ ಇದೇ ಊರು ನೋಡಿತು. ಆ ಹುಡುಗರ ಹೆಸರುಗಳನ್ನು ನಾವು ಎಲ್ಲಿ ಬರೆದಿಟ್ಟಿದ್ದೇವೆ?

ಎಮಿಲಿ ಸೇಂಟ್ ಜಾನ್ ಮ್ಯಾಂಡೆಲ್ 2014ರಲ್ಲಿ ಬರೆದ ‘ಸ್ಟೇಷನ್ ಇಲೆವೆನ್’ ಕರಾವಳಿಯವರಿಗೆ ಬಹಳ ಹತ್ತಿರದ ಪುಸ್ತಕ. ಜ್ವರವೊಂದು ಲೋಕವನ್ನು ಬರಿದು ಮಾಡಿದ ಇಪ್ಪತ್ತು ವರ್ಷಗಳ ಮೇಲೆ, ಕುದುರೆ ಎಳೆಯುವ ಗಾಡಿಗಳಲ್ಲಿ ನಾಟಕ–ಸಂಗೀತದ ತಂಡವೊಂದು ಸರೋವರದ ದಂಡೆಯ ಊರುಗಳನ್ನು ಸುತ್ತುತ್ತದೆ. ಅದನ್ನು ಓದಿ ನಮ್ಮ ಯಕ್ಷಗಾನ ಮೇಳ ನೆನಪಾಗದೆ ಇರುವುದು ಹೇಗೆ? 2020ರ ಮಾರ್ಚಿನಲ್ಲಿ ಮೇಳಗಳು ತಿರುಗಾಟ ಮುಗಿಯುವ ಪತ್ತನಾಜೆಗೆ ಎರಡು ತಿಂಗಳು ಮುಂಚೆಯೇ ಗೆಜ್ಜೆ ಬಿಚ್ಚಿದವು. ತಿರುಗಾಟ ನಿಂತರೆ ಸಂಬಳ ನಿಲ್ಲುವ ಕಲಾವಿದರ ಮನೆಗಳಿಗೆ ಕಿಟ್ ಒಯ್ದು ಕೊಡಬೇಕಾಯಿತು. ನನಗನಿಸುವುದು, ಎಲ್ಲವೂ ಹೋದ ಮೇಲೂ ಮೊದಲು ಎದ್ದು ಕೂರುವ ಕಲೆ ತಾಳಮದ್ದಳೆ. ಬಣ್ಣ ಬೇಡ, ಕಿರೀಟ ಬೇಡ, ಕರೆಂಟು ಬೇಡ. ಒಂದು ಮದ್ದಳೆ, ಒಂದು ತಾಳ, ನಾಲ್ಕು ಬಾಯಿ, ಒಂದು ಚಾಪೆ, ಹೊರಗೆ ಮಳೆ. ಅಲ್ಲಿ ಅರ್ಥ ಹೇಳುವವನು ಎದುರಿನವನ ಮಾತನ್ನು ಕೇಳಲೇಬೇಕು, ಇಲ್ಲವಾದರೆ ಪ್ರಸಂಗ ಮುಂದೆ ಸಾಗದು. ಬಿದ್ದ ಊರು ಮೊದಲು ಅಭ್ಯಾಸ ಮಾಡಬೇಕಾದದ್ದು ಅದನ್ನೇ.

‘ಸ್ಟೇಷನ್ ಇಲೆವೆನ್’ನಲ್ಲಿ ಜೀವನ್ ಚೌಧರಿ ಎಂಬವನೊಬ್ಬನಿದ್ದಾನೆ. ರೋಗ ಬರುವಾಗ ಆಂಬುಲೆನ್ಸಿನ ಕೆಲಸಕ್ಕೆ ತರಬೇತಿ ಪಡೆಯುತ್ತಿದ್ದವನು. ವರ್ಷಗಳು ಕಳೆದ ಮೇಲೆ ಸುತ್ತಮುತ್ತ ಇರುವ ಒಬ್ಬನೇ ವೈದ್ಯನೆಂದರೆ ಅವನೇ. ಬದುಕಿ ಉಳಿದವರ ಕಥೆ ಹೇಳುವ ಈ ಪರಂಪರೆಯಲ್ಲಿ ಅವನಂಥವರು ಬಹಳ ಕಡಿಮೆ. ಬಂದೂಕು ಹಿಡಿದವರು, ಬೇಟೆಗೆ ಹೋಗುವವರು, ಹೊಸ ಮತ ಕಟ್ಟುವವರು ಸಾಕಷ್ಟು. ಯಂತ್ರಕ್ಕೆ ಜೀವ ಕಟ್ಟಿಕೊಂಡವರು ಮೊದಲ ವಾರದಲ್ಲೇ ಸತ್ತರು ಎಂದು ಒಂದು ಸಾಲಿನಲ್ಲಿ ಮುಗಿಸಿ ಲೇಖಕರು ಮುಂದೆ ಹೋಗುತ್ತಾರೆ. ಫಳ್ನೀರಿನಲ್ಲಿ ನಿಂತು ಆ ಸಾಲನ್ನು ದಾಟಲು ಆಗುವುದಿಲ್ಲ. ನಾಲ್ಕು ತಾಸಿನ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು, ನಿಲ್ಲದ ವಿದ್ಯುತ್ತು ಬೇಕು, ಸೂಜಿ ಚುಚ್ಚಲು ಬಲ್ಲ ಕೈ ಬೇಕು. ತುಂಬೆಯ ಪಂಪ್‌ಹೌಸಿನವನಿಂದ ಹಿಡಿದು ರಾತ್ರಿ ಪಾಳಿಯ ನರ್ಸಿನವರೆಗೆ ಒಬ್ಬ ತಪ್ಪಿದರೂ ಆ ರೋಗಿ ಉಳಿಯುವುದಿಲ್ಲ.

ಗಡಿ ಮುಚ್ಚಿದ ಪೆಟ್ಟಿಗೆ ಕಾಸರಗೋಡಿನಲ್ಲಿ ಎದ್ದ ಉತ್ತರ ತೆಕ್ಕಿಲ್‌ನ ಕೋವಿಡ್ ಆಸ್ಪತ್ರೆ. ಟಾಟಾ ಸಂಸ್ಥೆ ಕಂಟೇನರುಗಳನ್ನು ಜೋಡಿಸಿ ಕಟ್ಟಿದ ಐನೂರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆ 2020ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಕಟ್ಟಿದ್ದು ಒಳ್ಳೆಯದಾಯಿತು. ಆದರೂ ಮಂಗಳೂರಿನ ದಾರಿ ಕಾಸರಗೋಡಿನವರಿಗೆ ಬೇಡವಾಗಲಿಲ್ಲ.

ಇಷ್ಟೆಲ್ಲ ನಡೆದ ನೆಲದಿಂದ, ಮಾರಿಯ ನಂತರದ ಲೋಕವನ್ನು ಊಹಿಸುವ ಒಂದು ದೊಡ್ಡ ಕನ್ನಡ ಕಾದಂಬರಿ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ. ವೈಜ್ಞಾನಿಕ ಕಥೆಗೆ ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ದಾರಿ ಕಡಿದಿಟ್ಟಿದ್ದಾರೆ. ಪುರಾಣದಲ್ಲಿ ಮನುವಿನ ದೋಣಿ ಇದೆ. ಅದರಲ್ಲಿ ಸಪ್ತರ್ಷಿಗಳಿದ್ದಾರೆ, ಬೀಜಗಳಿವೆ. ಬಾವಿ ತೋಡುವವನು, ಸೂಲಗಿತ್ತಿ, ಹೆಣ ಹೊರುವವನು ಆ ದೋಣಿ ಹತ್ತಿದರೋ ಇಲ್ಲವೋ ಯಾರೂ ಹೇಳಿಲ್ಲ. ಫಳ್ನೀರಿನ ಕಾದಂಬರಿ ಬರೆಯುವವರು ಅವರಿಂದಲೇ ಶುರು ಮಾಡಲಿ. ಮಂಜೇಶ್ವರದ ಕಿಡ್ನಿ ರೋಗಿಯೊಬ್ಬಳು ತಲಪಾಡಿಯ ಹತ್ತಿರದ ಒಳದಾರಿಯಲ್ಲಿ ಮಣ್ಣಿನ ದಿಬ್ಬದ ಆಚೆ ನಿಂತಿದ್ದಾಳೆ ಎಂದಿಟ್ಟುಕೊಳ್ಳಿ. ಈಚೆ ಕಾವಲಿಗೆ ಕೂತ ಹುಡುಗನಿಗೂ ಅವಳಿಗೂ ಮಾತಾಡಲು ತುಳು ಇದೆ. ಆದೇಶ ಕೊಟ್ಟ ಅಧಿಕಾರಿ ಬದುಕಿಲ್ಲ, ಆದೇಶ ಇನ್ನೂ ಇದೆ. ಅವಳು ಅವನಿಗೆ ಏನು ಹೇಳುತ್ತಾಳೆ, ಅವನು ಹಾರೆ ಎತ್ತಿಕೊಳ್ಳಲು ಎಷ್ಟು ಹೊತ್ತು ಬೇಕಾಗುತ್ತದೆ, ಫಳ್ನೀರಿನಲ್ಲಿ ಡಯಾಲಿಸಿಸ್ ಯಂತ್ರವನ್ನು ನಡೆಸಲು ಯಾರು ಯಾರು ಸೇರುತ್ತಾರೆ ಎಂಬುದನ್ನು ಮುನ್ನೂರು ಪುಟ ಬರೆದರೂ ನಾನು ಓದುತ್ತೇನೆ.